ಹವೆಯೂ ನಡತೆಯೂ

ದೇಶ ಸುತ್ತಿ ಬಂದವರ ಮಾತು ಕೇಳುವುದೆಂದರೆ ನನಗೆ ಮೊದಲಿನಿಂದಲೂ ಒಂದು ಚಪಲ. ಅವರು ಮಾಡುವ ಗುಡಿಗೋಪುರಗಳ ವರ್ಣನೆಗಿಂತ ಅಲ್ಲಿಯ ಜನರನ್ನು ಕುರಿತು ಅವರು ಕೊಡುವ ತೀರ್ಪಿನಲ್ಲಿಯೇ ಸ್ವಾರಸ್ಯ ಹೆಚ್ಚು. ಉತ್ತರಕ್ಕೆ ಹೋಗಿ ಬಂದವರು, “ಅಲ್ಲಿ ಚಳಿ ಎಂದರೆ ಚಳಿ” ಎಂದು ಮೊದಲು ಮಾಡಿ, “ಅದಕ್ಕೇ ನೋಡಿ, ಜನ ಗಟ್ಟಿಗರು, ಆದರೆ ಮುಖ ಕೊಟ್ಟು ಮಾತನಾಡುವವರಲ್ಲ” ಎಂದು ಮುಗಿಸುತ್ತಾರೆ. ಉತ್ತರದಿಂದ ನಮ್ಮ ಕಡೆಗೆ ಬಂದವರು, “ಇಲ್ಲಿ ವರ್ಷವೆಲ್ಲ ಸೆಕೆ” ಎಂದು ಆರಂಭಿಸಿ, “ಅದಕ್ಕೇ ಜನ ಸಾಧುಗಳು; ಯಾವ ಕೆಲಸಕ್ಕೂ ಅವಸರವಿಲ್ಲ” ಎಂದು ನಿಲ್ಲಿಸುತ್ತಾರೆ. ಮೊದಲ ಮಾತು ಹವೆಯನ್ನು ಕುರಿತದ್ದು, ಎರಡನೆಯದು ಶೀಲವನ್ನು ಕುರಿತದ್ದು. ಇವೆರಡನ್ನೂ ಗಂಟು ಹಾಕುವ ‘ಅದಕ್ಕೇ’ ಎಂಬ ಪುಟ್ಟ ಪದವಿದೆಯಲ್ಲ, ಅದು ಯಾರ ತಡೆಯೂ ಇಲ್ಲದೆ ದಾಟಿಹೋಗುತ್ತದೆ. ಅದನ್ನು ತುಸು ನಿಲ್ಲಿಸಿ ವಿಚಾರಿಸಬೇಕೆಂಬುದು ನನ್ನ ಬಯಕೆ.

ಕೆಲವು ವರ್ಷಗಳ ಹಿಂದೆ ಅಧ್ಯಾಪಕರ ಶಿಬಿರವೊಂದರ ನೆಪದಲ್ಲಿ ನಾನು ಡಿಸೆಂಬರ್ ತಿಂಗಳಿನಲ್ಲಿ ಶ್ರೀನಗರಕ್ಕೆ ಹೋಗಿದ್ದೆ. ಶಿಬಿರ ಮುಗಿದ ಮೇಲೆ, ಪರ್ಷಿಯನ್ ಪಾಠ ಹೇಳುವ ಅಲ್ಲಿಯ ಅಧ್ಯಾಪಕರೊಬ್ಬರು ಒತ್ತಾಯ ಮಾಡಿ ತಮ್ಮ ಮನೆಯಲ್ಲಿ ಒಂಬತ್ತು ದಿನ ಇರಿಸಿಕೊಂಡರು. ಕಾಶ್ಮೀರಿಗಳು ಡಿಸೆಂಬರ್ ೨೧ರಿಂದ ಮುಂದಿನ ೪೦ ದಿನಗಳನ್ನು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅದು ಚಳಿಯ ಹಿರಿಯಣ್ಣ. ಅದರ ಬೆನ್ನಿಗೆ ೨೦ ದಿನಗಳ ‘ಚಿಲ್ಲೈ ಖುರ್ದ್’, ಕಿರಿಯವನು. ಅದಾದ ಮೇಲೆ ೧೦ ದಿನಗಳ ‘ಚಿಲ್ಲೈ ಬಚ್ಚಾ’, ಕೂಸು. ನಾನು ಕಂಡದ್ದು ಹಿರಿಯಣ್ಣನ ಮೊದಲ ವಾರವನ್ನು ಮಾತ್ರ, ಅಷ್ಟೇ ಸಾಕಾಯಿತು.

ಶ್ರೀನಗರ ಇರುವುದು ಸಮುದ್ರ ಮಟ್ಟದಿಂದ ಐದು ಸಾವಿರ ಅಡಿಗೂ ಮೇಲೆ. ಆ ತಿಂಗಳಲ್ಲಿ ಹಗಲೆಂಬುದು ಸುಮಾರು ೧೦ ಗಂಟೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ; ಕೊಳವೆಯೊಳಗೇ ಕಲ್ಲಾಗಿ ಕುಳಿತಿರುತ್ತದೆ. ಮನೆಯ ಹುಡುಗ ಕಾಗದದ ಸುರುಳಿಗೆ ಬೆಂಕಿ ಹಚ್ಚಿ ಕೊಳವೆಗೆ ಹಿಡಿದು ಅದನ್ನು ಕರಗಿಸುತ್ತಾನೆ. ಇನ್ನೂ ಕತ್ತಲಿರುವಾಗಲೇ ಬೀದಿಯ ರೊಟ್ಟಿಯವನ ಒಲೆಯ ಮುಂದೆ ಜನ ನಿಂತಿರುತ್ತಾರೆ. ಬಿಸಿ ರೊಟ್ಟಿ, ಅದರೊಡನೆ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ. (ಮೊದಲ ಗುಟುಕಿಗೆ ನಮ್ಮ ನಾಲಗೆ ಮುಷ್ಕರ ಹೂಡುತ್ತದೆ; ಮೂರನೆಯ ದಿನಕ್ಕೆ ರಾಜಿಯಾಗುತ್ತದೆ.) ಎಲ್ಲರ ಮೈಮೇಲೂ ಮೊಣಕಾಲಿನವರೆಗೆ ಇಳಿಬಿದ್ದ ‘ಫೆರನ್’ ಎಂಬ ನಿಲುವಂಗಿ, ಅದರೊಳಗೆ ‘ಕಾಂಗ್ರಿ’. ಕಾಂಗ್ರಿ ಎಂದರೆ ಬೆತ್ತದಂಥ ಸಣ್ಣ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗಿಟ್ಟ ಮಣ್ಣಿನ ಪುಟ್ಟ ಕುಡಿಕೆ, ಕುಡಿಕೆಯೊಳಗೆ ಕೆಂಡ. ಶರತ್ಕಾಲದಲ್ಲಿ ಉದುರಿದ ಚಿನಾರ್ ಎಲೆಗಳನ್ನು ಸುಟ್ಟು ಅದಕ್ಕೆ ಬೇಕಾದ ಇದ್ದಿಲನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. ಹೊಟ್ಟೆಯ ಹತ್ತಿರ ಬೆಂಕಿಯನ್ನು ಹಿಡಿದುಕೊಂಡು ಜನ ಬೀದಿಯಲ್ಲಿ ನಡೆಯುತ್ತಾರೆ, ಅಂಗಡಿಯಲ್ಲಿ ವ್ಯಾಪಾರ ಮಾಡುತ್ತಾರೆ, ತರಗತಿಯಲ್ಲಿ ಕೂರುತ್ತಾರೆ. ತೋಳುಗಳು ಅಂಗಿಯೊಳಗಿರುವುದರಿಂದ ದೂರದಿಂದ ನೋಡಿದರೆ ಯಾರಿಗೂ ಕೈಗಳೇ ಇಲ್ಲವೇನೋ ಎನಿಸುತ್ತದೆ. ಹೊತ್ತು ಮುಳುಗುವ ಮೊದಲೇ ಅಂಗಡಿಗಳ ಬಾಗಿಲು ಬೀಳುತ್ತದೆ. ಸಂಜೆ ಆರಕ್ಕೆ ಬೀದಿ ನಿರ್ಜನ.

ನಮ್ಮ ಮೈಸೂರಿನಲ್ಲಿ ಸಂಜೆ ಆರಕ್ಕೆ ಬೀದಿ ಎಚ್ಚರವಾಗುತ್ತದೆ. ವರ್ಷದ ಬಹುಭಾಗ ಕಿಟಕಿ ತೆರೆದೇ ಇರುತ್ತದೆ. ಆಚೆಮನೆಯ ಒಗ್ಗರಣೆ, ಈಚೆಮನೆಯ ಜಗಳ, ಎದುರುಮನೆಯ ಸಂಗೀತಾಭ್ಯಾಸ ಇವೆಲ್ಲಕ್ಕೂ ನಾವು ಪಾಲುದಾರರು. ಹಳೆಯ ಮನೆಗಳಲ್ಲಿ ಬಾಗಿಲಿಗಿಂತ ಮುಂಚೆ ಜಗಲಿ. ದಾರಿಹೋಕನೂ ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು. ಈ ಜಗಲಿಯನ್ನು ನೆನೆದುಕೊಂಡೇ ನಾವು ನಮ್ಮನ್ನು ಅತಿಥಿಪ್ರಿಯರೆಂದು ಕರೆದುಕೊಳ್ಳುವುದು; ಮುಚ್ಚಿದ ಬಾಗಿಲನ್ನು ನೋಡಿಯೇ ಚಳಿಯ ನಾಡಿನವರನ್ನು ಮುಖ ಕೊಡದವರು ಎನ್ನುವುದು.

ಆದರೆ ಆ ಮುಚ್ಚಿದ ಬಾಗಿಲಿನ ಒಳಗೆ ನಡೆಯುವುದೇನು? ಎಂಟು ಕೋಣೆಗಳ ಮನೆಯಲ್ಲಿ ಚಳಿಗಾಲಕ್ಕೆ ಬಾಳುವುದು ಒಂದೇ ಕೋಣೆ. ಅನುಕೂಲವಿರುವವರ ಮನೆಯಲ್ಲಿ ಅದು ‘ಹಮಾಮ್’: ನೆಲದ ಕಲ್ಲುಚಪ್ಪಡಿಯ ಕೆಳಗೆ ಸೌದೆ ಉರಿಯುತ್ತದೆ. ಇಲ್ಲದವರಲ್ಲಿ ‘ಬುಖಾರಿ’ ಎಂಬ ಕಬ್ಬಿಣದ ಒಲೆ. ಅಜ್ಜಿ, ಮಗ, ಸೊಸೆ, ಪರೀಕ್ಷೆಗೆ ಓದುವ ಮೊಮ್ಮಗಳು, ನೆಗಡಿಯಾದ ಕೂಸು, ಬಂದ ಅತಿಥಿ ಎಲ್ಲರೂ ಅದೇ ಕೋಣೆಯಲ್ಲಿ, ದಪ್ಪ ಜಮಖಾನದ ಮೇಲೆ, ಕಾಲುಗಳನ್ನು ಒಂದೇ ರಜಾಯಿಯ ಕೆಳಗೆ ಚಾಚಿಕೊಂಡು. ಮುನಿಸಿಕೊಂಡು ಬೇರೆ ಕೋಣೆಗೆ ಹೋಗುವ ಸೌಕರ್ಯವೇ ಇಲ್ಲ, ಹೋದರೆ ಹೆಪ್ಪುಗಟ್ಟಬೇಕು. ಅಲ್ಲಿ ಹೊಸಿಲು ದಾಟುವುದು ಕಷ್ಟ. ದಾಟಿದವನು ನಡುಮನೆಯವನೇ ಆಗಿಬಿಡುತ್ತಾನೆ. ನಮ್ಮಲ್ಲಿ ಜಗಲಿ ಏರುವುದು ಸುಲಭ. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಡಿಗೆಮನೆಗೆ ಇರುವ ದೂರವನ್ನು ಎಷ್ಟೋ ಮಂದಿ ಒಂದು ಜನ್ಮದಲ್ಲಿ ಕ್ರಮಿಸಲಾರರು. ಇವೆರಡರಲ್ಲಿ ಯಾವುದು ಹೆಚ್ಚಿನ ಆತಿಥ್ಯ ಎಂದು ಕೇಳಿದರೆ, ಬಾಗಿಲನ್ನು ಮಾತ್ರ ನೋಡಿ ಉತ್ತರ ಹೇಳುವುದು ಸಾಧ್ಯವಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ದೊಡ್ಡಮ್ಮನಿಗೂ ನನಗೂ ನಡೆದ ಸಂವಾದವನ್ನು ಇಲ್ಲಿ ಹೇಳಬೇಕು. ಎಂಬತ್ತು ದಾಟಿದ ಹಿರಿಯ ಜೀವ. ಬೆಳಗಿನ ಜಾವಕ್ಕೆ ಸ್ನಾನವಾಗದೆ ಅವರ ಬಾಯಿಗೆ ನೀರು ಹೋಗುವುದಿಲ್ಲ.

“ಅಲ್ಲಿ ದಿನಾ ಸ್ನಾನ ಮಾಡೋದಿಲ್ವಂತೇನೋ?”

“ಚಳಿಗಾಲದಲ್ಲಿ ಎಲ್ಲರಿಗೂ ಆಗೋದಿಲ್ಲ ದೊಡ್ಡಮ್ಮ.”

“ಸ್ನಾನ ಮಾಡ್ದೆ ಅಡಿಗೆ ಮನೆಗೆ ಹೋಗ್ತಾರಾ?”

“ಹೋಗ್ತಾರೆ.”

“ಅಲ್ಲಿ ಬ್ರಾಹ್ಮಣರೂ ಇದ್ದಾರೇನೋ?”

“ಇದ್ದಾರೆ. ಅವರಲ್ಲಿ ಬಹಳ ಜನ ಮಾಂಸವನ್ನೂ ತಿನ್ನುತ್ತಾರೆ, ಶಿವರಾತ್ರಿಗೂ ಮಾಡುವ ಮನೆಗಳಿವೆ.”

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಶಿವ ಒಪ್ಪಿಕೊಂಡನೇ?” ಎಂದರು.

ಆಕೆ ಅದನ್ನು ವ್ಯಂಗ್ಯವಾಗಿ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಇಂದಿಗೂ ತಿಳಿಯದು. ಆದರೆ ಆ ಪ್ರಶ್ನೆ ದೊಡ್ಡದು. ನಿತ್ಯಸ್ನಾನ ಸೆಕೆಯ ನಾಡಿನ ಸುಖ. ಬೆವರಿದ ಮೈಗೆ ಅದಕ್ಕಿಂತ ಹಿತವಾದದ್ದಿಲ್ಲ. ಸುಖವನ್ನು ನಾವು ಆಚಾರ ಮಾಡಿದೆವು, ಆಚಾರವನ್ನು ಧರ್ಮ ಮಾಡಿದೆವು. ಕೊನೆಗೆ ಆ ಧರ್ಮದ ಅಳತೆಗೋಲು ಹಿಡಿದು, ನೀರು ಕಲ್ಲಾಗುವ ನಾಡಿನವರನ್ನು ಅಳೆಯಹೊರಟೆವು. ಕಾಶ್ಮೀರದ ಬ್ರಾಹ್ಮಣರೇನು ವಿದ್ಯೆಯಲ್ಲಿ ಕಡಮೆಯವರೆ? ಕನ್ನಡ ಎಂ.ಎ. ತರಗತಿಯಲ್ಲಿ ನಾವು ಬಾಯಿತುಂಬ ಹೇಳುವ ಧ್ವನಿತತ್ತ್ವದ ಆನಂದವರ್ಧನನೂ ರಸತತ್ತ್ವದ ಅಭಿನವಗುಪ್ತನೂ ಆ ಹಿಮದ ಕಣಿವೆಯವರೇ. ಅವರು ಮಾಘಮಾಸದಲ್ಲಿ ಎಷ್ಟು ಸಲ ಮಿಂದರೆಂದು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ.

ಹವೆಯಿಂದ ಶೀಲವನ್ನು ಅಳೆಯುವ ಈ ರೋಗ ದೊಡ್ಡಮ್ಮನವರದಷ್ಟೇ ಅಲ್ಲ. ಬಹು ದೊಡ್ಡ ತಲೆಗಳಿಗೂ ತಟ್ಟಿದ್ದು. ಫ್ರಾನ್ಸಿನ ಮಾಂಟೆಸ್ಕ್ಯೂ ೧೭೪೮ರಲ್ಲಿ ಪ್ರಕಟಿಸಿದ, ಕಾನೂನುಗಳ ಅಂತಸ್ತತ್ತ್ವವನ್ನು ಕುರಿತ ಗ್ರಂಥದಲ್ಲಿ ಇದಕ್ಕೆ ಪ್ರಯೋಗದ ಆಧಾರವನ್ನೇ ಒದಗಿಸಿದ. ಒಂದು ಕುರಿಯ ನಾಲಗೆಯನ್ನು ತೆಗೆದುಕೊಂಡು ಅದರ ಅರ್ಧವನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಚಳಿಗೆ ನಾಲಗೆಯ ಮೇಲಿನ ಸಣ್ಣ ಮೊಗ್ಗುಗಳು ಕುಗ್ಗಿಹೋಗಿದ್ದವು. ಅಲ್ಲಿಂದ ಒಂದೇ ನೆಗೆತಕ್ಕೆ, ಶೀತದೇಶದವರು ದೃಢಕಾಯರು, ಧೈರ್ಯವಂತರು. ಉಷ್ಣದೇಶದವರು ಅಂಜುಕುಳಿಗಳು, ಆಲಸಿಗಳು ಎಂಬ ತೀರ್ಮಾನಕ್ಕೆ ಬಂದ. ಹಿಂದೂಸ್ಥಾನದವರಿಗೆ ಹುಟ್ಟಿನಿಂದಲೇ ಧೈರ್ಯವಿಲ್ಲ ಎಂದೂ ಬರೆದ. ಆತ ಈ ಕಡೆಗೆ ಕಾಲಿಟ್ಟವನೇ ಅಲ್ಲ. ಒಂದು ಕುರಿಯ ನಾಲಗೆ ಇಷ್ಟು ಕೋಟಿ ಜನರ ಮೇಲೆ ಸಾಕ್ಷಿ ನುಡಿದದ್ದು ಇತಿಹಾಸದಲ್ಲಿ ಅದೊಂದೇ ಸಲವಿರಬೇಕು.

ಅದೇ ೧೭೪೮ರಲ್ಲಿ ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್ ಇದಕ್ಕೆ ವಿರುದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದ. ಜನಾಂಗಗಳ ಗುಣ ರೂಪುಗೊಳ್ಳುವುದು ಗಾಳಿಯಿಂದಲೂ ಆಹಾರದಿಂದಲೂ ಅಲ್ಲ; ಆಳ್ವಿಕೆ, ಕಸುಬು, ಬಡತನ ಸಿರಿತನ, ಒಬ್ಬರನ್ನು ನೋಡಿ ಒಬ್ಬರು ಕಲಿಯುವುದು, ಇವುಗಳಿಂದ ಎಂಬುದು ಅವನ ವಾದ. ವಿವೇಕದ ಮಾತು. ಆದರೆ ಅದೇ ಪ್ರಬಂಧಕ್ಕೆ ಮುಂದೆ ಅವನೇ ಕಪ್ಪುಜನರನ್ನು ಹುಟ್ಟಿನಿಂದಲೇ ಕೀಳೆಂದು ಶಂಕಿಸುವ ಒಂದು ಅಡಿಟಿಪ್ಪಣಿಯನ್ನು ಸೇರಿಸಿದ. ಹವೆಯ ಬಾಗಿಲಿನಿಂದ ಹೊರಗೆ ಹಾಕಿದ ಮೇಲುಕೀಳನ್ನು ಬಣ್ಣದ ಕಿಟಕಿಯಿಂದ ಒಳಗೆ ಬಿಟ್ಟುಕೊಂಡಂತಾಯಿತು.

ಇನ್ನೊಂದು ವಿನೋದವನ್ನು ಗಮನಿಸಿ. ಅರಿಸ್ಟಾಟಲನ ಪ್ರಕಾರ ಚಳಿಯ ನಾಡಿನವರಿಗೆ ಕೆಚ್ಚಿದೆ, ಬುದ್ಧಿ ಸಾಲದು. ಏಷ್ಯದವರಿಗೆ ಬುದ್ಧಿಯಿದೆ, ಕೆಚ್ಚಿಲ್ಲ. ನಡುವೆ ಇರುವ ಗ್ರೀಕರಿಗೆ ಎರಡೂ ಉಂಟು. ಉತ್ತರ ಆಫ್ರಿಕದಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ೧೩೭೭ರಲ್ಲಿ ಬರೆದ ಗ್ರಂಥದಲ್ಲಿ, ಅತಿ ಉತ್ತರದವರೂ ಅತಿ ದಕ್ಷಿಣದವರೂ ಸಮತೋಲ ತಪ್ಪಿದವರು. ಸಮಶೀತೋಷ್ಣದ ನಡುವಿನವರೇ ಉತ್ತಮರು ಎನ್ನುತ್ತಾನೆ. ಬರೆಯುವವನ ಊರು ಯಾವಾಗಲೂ ನಡುವಿನಲ್ಲಿಯೇ ಬರುತ್ತದೆ! ನಮ್ಮ ಬೆಂಗಳೂರಿನವರೇನು ಬೇರೆಯೇ? ಮೂರು ಸಾವಿರ ಅಡಿಯ ಎತ್ತರದಲ್ಲಿ ಕುಳಿತು, “ದೆಹಲಿಯ ಚಳಿಯೂ ಇಲ್ಲ, ಮದರಾಸಿನ ಸೆಕೆಯೂ ಇಲ್ಲ, ಅದಕ್ಕೇ ನಮ್ಮ ಜನ ಸೌಮ್ಯ” ಎನ್ನುವುದನ್ನು ಎಷ್ಟು ಬಾರಿ ಕೇಳಿಲ್ಲ?

ಚಳಿ ಜನರಿಗೆ ಮುಂದಾಲೋಚನೆಯನ್ನು ಕಲಿಸುತ್ತದೆ, ಸೆಕೆಯ ನಾಡಿನವರು ಅಂದಂದಿನ ಅನ್ನವನ್ನು ಅಂದಂದೇ ಉಂಡು ಮಲಗುತ್ತಾರೆ ಎಂಬುದು ಈ ಪಂಥದವರ ಇನ್ನೊಂದು ಮುಖ್ಯ ವಾದ. ಮೊದಲರ್ಧ ನಿಜ. ಕಾಶ್ಮೀರದ ಗೃಹಿಣಿಯರು ಬೇಸಿಗೆಯಲ್ಲಿಯೇ ಬದನೆ, ಸೋರೆ, ಟೊಮೆಟೊ, ಟರ್ನಿಪ್ ಗೆಡ್ಡೆಗಳನ್ನು ಹೆಚ್ಚಿ ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಹಾಕುತ್ತಾರೆ. ಮೀನನ್ನೂ ಒಣಗಿಸಿಡುತ್ತಾರೆ. ಹಿಮ ಬಿದ್ದು ಜಮ್ಮುವಿನ ದಾರಿ ಕಟ್ಟಿತೆಂದರೆ ಹೊರಗಿನಿಂದ ತರಕಾರಿ ಬರುವಂತಿರಲಿಲ್ಲ. ೨೦೨೫ರ ಜೂನಿನಲ್ಲಿ ಚೆನಾಬ್ ಸೇತುವೆಯ ಮೇಲೆ ರೈಲು ಓಡಲು ತೊಡಗಿದ ಮೇಲೆ ಆ ಕಷ್ಟ ಇಳಿದಿರಬೇಕು. ಆದರೆ ಎರಡನೆಯರ್ಧ? ಮಲೆನಾಡಿನ ಒಂದು ಮನೆಯ ಅಟ್ಟವನ್ನು ಮೇ ತಿಂಗಳ ಕೊನೆಯಲ್ಲಿ ಹತ್ತಿ ನೋಡಿದವರಿಗೆ ಉತ್ತರ ಗೊತ್ತು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಾವಿನಮಿಡಿಯ ಜಾಡಿಗಳು, ಕೊಟ್ಟಿಗೆಯ ಪಕ್ಕದಲ್ಲಿ ಸೂರು ಮುಟ್ಟುವಷ್ಟು ಸೌದೆ. ಆರಿದ್ರೆಯ ಮಳೆ ಹಿಡಿದರೆ ಅವರಿಗೂ ದಾರಿ ಕಟ್ಟುತ್ತದೆ. ಮಳೆಗಾಲವೇ ಅವರ ಚಿಲ್ಲೈ ಕಲಾನ್. ಬಯಲುಸೀಮೆಯಲ್ಲಿ ಆ ಪಾತ್ರ ಬೇಸಿಗೆಯದು. ಅಲ್ಲಿಯವರು ನೆಲದೊಳಗೆ ಹಗೇವು ತೋಡಿ ಜೋಳ ರಾಗಿ ತುಂಬಿದರು. ಮೂರು ತಿಂಗಳು ಬೀಳುವ ಮಳೆಯನ್ನು ಒಂಬತ್ತು ತಿಂಗಳಿಗೆ ಹಂಚುವುದಕ್ಕೆ ಊರೂರಿಗೆ ಕೆರೆ ಕಟ್ಟಿದರು. ಕೆರೆಗಿಂತ ದೊಡ್ಡ ಮುಂದಾಲೋಚನೆಯನ್ನು ಯಾವ ಹಿಮದೇಶ ಮಾಡಿದೆ? ಕೊರತೆಯ ಕಾಲ ಎಲ್ಲ ನಾಡಿಗೂ ಉಂಟು. ಅದು ಒಂದೊಂದು ಕಡೆ ಒಂದೊಂದು ವೇಷದಲ್ಲಿ ಬರುತ್ತದೆ, ಅಷ್ಟೆ.

ಇಷ್ಟಕ್ಕೇ ನಿಂತರೆ ಇದೊಂದು ಕಾಲಹರಣದ ಚರ್ಚೆಯಾಗುತ್ತಿತ್ತು. ಆದರೆ ‘ಸೆಕೆ, ಅದಕ್ಕೇ ಸೋಮಾರಿ’ ಎಂಬ ಮಾತಿನಿಂದ ಲಾಭ ಪಡೆದವರಿದ್ದಾರೆ, ನಷ್ಟಪಟ್ಟವರೂ ಇದ್ದಾರೆ. ನಮ್ಮನ್ನಾಳಿದ ಇಂಗ್ಲಿಷರು ಹೀಗೆ ಹೇಳುತ್ತಲೇ ೧೮೬೪ರಿಂದ ಬೇಸಿಗೆಗೆ ತಮ್ಮ ಸರ್ಕಾರವನ್ನೇ ಕಲ್ಕತ್ತೆಯಿಂದ ಶಿಮ್ಲಾಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಬೆಟ್ಟಕ್ಕೆ ಹೋಗಲಾಗದ ದೊರೆಯ ಕೋಣೆಯ ಹೊರಗೆ ಪಂಖಾ ಎಳೆಯುವವನು ರಾತ್ರಿಯೆಲ್ಲ ಹಗ್ಗ ಹಿಡಿದು ಕೂತಿರುತ್ತಿದ್ದ. ಒಳಗೆ ಮಲಗಿದವನು ಕಷ್ಟಜೀವಿ, ಹೊರಗೆ ಎಳೆಯುವವನು ಸೋಮಾರಿ! ಆ ಕಾಲ ಕಳೆಯಿತೆನ್ನುವಂತೆಯೂ ಇಲ್ಲ. ೨೦೧೦ರ ಸುಮಾರಿಗೆ ಗ್ರೀಸ್ ದೇಶ ಸಾಲದಲ್ಲಿ ಮುಳುಗಿದಾಗ ಉತ್ತರ ಯೂರೋಪಿನ ಪತ್ರಿಕೆಗಳು ಅದೇ ಹಳೆಯ ರಾಗ ಹಾಡಿದವು. ದುಡಿಯುವವನೊಬ್ಬ ವರ್ಷಕ್ಕೆ ದುಡಿಯುವ ಗಂಟೆಗಳನ್ನು ಲೆಕ್ಕ ಹಾಕಿದರೆ ಗ್ರೀಕನು ಜರ್ಮನನಿಗಿಂತ ಬಹಳ ಮುಂದಿದ್ದಾನೆ ಎಂಬುದು ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿಯೇ ಇತ್ತು.

ದೂರದ ಮಾತು ಸಾಕು. ನಮ್ಮ ರಾಜ್ಯದಲ್ಲಿ ದಿಕ್ಕು ತಿರುಗುಮುರುಗಾಗಿದೆ: ತಂಪು ದಕ್ಷಿಣದಲ್ಲಿ, ಬಿಸಿಲು ಉತ್ತರದಲ್ಲಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಛೇರಿಗಳು ಬೆಳಗ್ಗೆ ೮ಕ್ಕೆ ತೆರೆದು ಮಧ್ಯಾಹ್ನ ೧-೩೦ಕ್ಕೆ ಮುಚ್ಚುವ ಪದ್ಧತಿಯುಂಟು. ಬೆಂಗಳೂರಿನ ಸಚಿವಾಲಯದ ನೌಕರ ಹಾಸಿಗೆಯಲ್ಲಿರುವ ಹೊತ್ತಿಗೆ ರಾಯಚೂರಿನ ಗುಮಾಸ್ತ ಮನೆ ಬಿಟ್ಟಿರುತ್ತಾನೆ. ಆದರೆ ಬೆಂಗಳೂರಿನವನ ಕಣ್ಣಿಗೆ ಬೀಳುವುದು ಮಧ್ಯಾಹ್ನ ಮುಚ್ಚಿದ ಬಾಗಿಲು ಮಾತ್ರ. “ಆ ಬಿಸಿಲಿಗೆ ಅಲ್ಲಿಯ ಜನ ಏನು ಕೆಲಸ ಮಾಡಿಯಾರು, ಅದಕ್ಕೇ ಹಿಂದುಳಿದಿದ್ದಾರೆ” ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೇ ಕೇಳಿದ್ದೇನೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ವರದಿ ಒಪ್ಪಿಸಿದಾಗ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು ೩೯, ಹೆಚ್ಚಿನವು ಉತ್ತರ ಕರ್ನಾಟಕದವು. ಸಮಿತಿ ಲೆಕ್ಕ ಹಾಕಿದ್ದು ಶಾಲೆ, ಆಸ್ಪತ್ರೆ, ನೀರಾವರಿ, ರಸ್ತೆ, ಸಾಲಸೌಲಭ್ಯಗಳನ್ನು, ಉಷ್ಣಮಾಪಕವನ್ನಲ್ಲ. ಕಟ್ಟದ ಶಾಲೆಗೆ ಬಿಸಿಲನ್ನು ಹೊಣೆ ಮಾಡಿದರೆ ಕಟ್ಟಬೇಕಾಗಿದ್ದವರು ನೆಮ್ಮದಿಯಾಗಿ ನಿದ್ರಿಸಬಹುದು.

ಬಿಸಿಲೇ ಕಾರಣವಾಗಿದ್ದರೆ ಆ ನೆಲದ ಹಿಂದಿನ ಚರಿತ್ರೆಯನ್ನು ಹೇಗೆ ಓದುವುದು? ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ; ಅದು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹನ್ನೆರಡನೆಯ ಶತಮಾನದಲ್ಲಿ ದುಡಿಮೆಯನ್ನೇ ಪೂಜೆಯ ಪದವಿಗೇರಿಸಿದ ಕಾಯಕತತ್ತ್ವ ಬೆಳೆದದ್ದು ಕಲ್ಯಾಣದಲ್ಲಿ, ಅದೇ ಬಿಸಿಲಿನಲ್ಲಿ. ಅದಕ್ಕೂ ಹಿಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅದೇ ಕಲ್ಯಾಣವನ್ನು ಹುಡುಕಿಕೊಂಡು ಕಾಶ್ಮೀರದಿಂದ ಒಬ್ಬ ಕವಿ ಬಂದ. ಶ್ರೀನಗರದ ಬಳಿಯ ಖೊನಮುಖವೆಂಬ ಗ್ರಾಮದ ಬಿಲ್ಹಣ. ಮಥುರೆ, ಕನೋಜು, ಕಾಶಿಗಳನ್ನೆಲ್ಲ ಸುತ್ತಿ ಬಂದು ಇಲ್ಲಿ ವಿದ್ಯಾಪತಿಯಾಗಿ ನಿಂತು ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಅದರ ಹದಿನೆಂಟನೆಯ ಸರ್ಗದಲ್ಲಿ ತನ್ನ ಊರನ್ನು ಮನಸಾರೆ ವರ್ಣಿಸುತ್ತಾನೆ, ಊರನ್ನು ಮರೆತವನಲ್ಲ. ಆದರೂ ಕಲ್ಯಾಣದ ಬಿಸಿಲು ಅವನ ಕಾವ್ಯವನ್ನು ಒಣಗಿಸಲಿಲ್ಲ. ಈ ಕೊಡುಕೊಳ್ಳುವಿಕೆ ಒಮ್ಮುಖವೂ ಅಲ್ಲ. ಕಾಶ್ಮೀರದ ದೊರೆ ಹರ್ಷನಿಗೆ ದಕ್ಷಿಣದ ಶೈಲಿ ಬಹು ಪ್ರಿಯವಾಗಿತ್ತೆಂದೂ, ಆತ ಕರ್ಣಾಟದ ಮಾದರಿಯ ನಾಣ್ಯವನ್ನು ತನ್ನ ನಾಡಿನಲ್ಲಿ ಚಲಾವಣೆಗೆ ತಂದನೆಂದೂ ಕಲ್ಹಣ ‘ರಾಜತರಂಗಿಣಿ’ಯಲ್ಲಿ ಹೇಳಿದ್ದಾನೆ.

ಹಾಗಾದರೆ ಹವೆಗೆ ಏನೂ ಬಲವಿಲ್ಲವೆ? ಇದೆ, ಎಲ್ಲಿಯವರೆಗೆ ಎಂಬುದು ಪ್ರಶ್ನೆ. ನನ್ನ ಆತಿಥೇಯರ ಬಂಧುಗಳೊಬ್ಬರ ಮನೆಯ ಔತಣಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿ ತಾಮ್ರದ ದೊಡ್ಡ ಹರಿವಾಣವೊಂದರ ಸುತ್ತ ನಾಲ್ವರು ಕೂತು ಒಟ್ಟಿಗೆ ಉಣ್ಣುತ್ತಾರೆ. ‘ತ್ರಾಮಿ’ ಎಂದು ಅದರ ಹೆಸರು. ಮಾಂಸವಿಲ್ಲದ ನನ್ನ ಪಾಲಿಗೆ ಕಮಲದ ದಂಟು, ಪನೀರು, ಅನ್ನವನ್ನು ಬೇರೆಯಾಗಿ ಬಡಿಸಿದರು. ಉಳಿದವರು ನಾಲ್ಕು ದಿಕ್ಕಿನಿಂದ ಒಂದೇ ಅನ್ನದ ರಾಶಿಯನ್ನು ಕರಗಿಸುತ್ತಿದ್ದುದನ್ನು ನೋಡುತ್ತ ಕೂತೆ. ನಮ್ಮ ಊಟವೋ ಬಾಳೆಯೆಲೆಯ ಮೇಲೆ, ಒಬ್ಬೊಬ್ಬರಿಗೆ ಒಂದೊಂದು ಎಲೆ. ಬಾಳೆ ಬೆಳೆಯುವುದು ಸೆಕೆಯಲ್ಲಿ, ಹಿಮದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಎಲೆ ಹವೆಯ ಕೊಡುಗೆ. ಆದರೆ ಎಲೆ ಎಲೆಗೂ ನಡುವಿನ ಅಂತರ? ಎಂಜಲೆಂಬ ಭಾವನೆ? ಈ ಪಂಕ್ತಿಯಲ್ಲಿ ಇವರು, ಆ ಪಂಕ್ತಿಯಲ್ಲಿ ಅವರು, ಕೊನೆಯಲ್ಲಿ ಹಿತ್ತಿಲಿನ ಹೊರಗೆ ಇನ್ನು ಕೆಲವರು ಎಂಬ ಏರ್ಪಾಡು? ಅದು ಬಾಳೆಯ ಗಿಡದಲ್ಲಿ ಬೆಳೆದದ್ದಲ್ಲ. ಕಾಶ್ಮೀರದಲ್ಲಿಯೇ, ಅದೇ ಹಿಮದ ಕೆಳಗೆ, ತ್ರಾಮಿಯ ಸುತ್ತ ಕೂಡುವವರು ಮುಸ್ಲಿಮರು. ಪಂಡಿತರ ರೂಢಿ ಅದಲ್ಲ. ಅದೇ ಉಪ್ಪಿನ ಚಹಾವನ್ನು ಅವರು ‘ನೂನ್ ಚಾಯ್’ ಎಂದರೆ ಇವರು ‘ಶೀರ್ ಚಾಯ್’ ಎನ್ನುತ್ತಾರೆ. ಚಳಿ ಒಂದೇ, ಕುಡಿಯುವುದೂ ಒಂದೇ.

ಇಲ್ಲಿ ಒಬ್ಬ ತಾರ್ಕಿಕ ನನ್ನನ್ನು ತಡೆಯಬಹುದು. “ಹವೆಯಿಂದ ಬಂದ ದೋಷಕ್ಕೆ ನಿಂದೆ ಸಲ್ಲದು ಎನ್ನುವಿರಿ. ಹಾಗಾದರೆ ಹವೆಯಿಂದ ಬಂದ ಗುಣಕ್ಕೆ ಹೊಗಳಿಕೆಯೂ ಸಲ್ಲಬಾರದಷ್ಟೆ. ಕಾಶ್ಮೀರದವರ ಒಗ್ಗಟ್ಟು ಒಲೆಯ ಕೃಪೆ, ನಮ್ಮ ಜಗಲಿ ಸೆಕೆಯ ಕೃಪೆ ಎಂದಮೇಲೆ ಮನುಷ್ಯನ ಪಾಲಿಗೆ ಉಳಿದದ್ದೇನು?” ನ್ಯಾಯವಾದ ಆಕ್ಷೇಪಣೆ. ಉಳಿದದ್ದು ಸ್ವಲ್ಪವೇ, ಆದರೆ ಆ ಸ್ವಲ್ಪದಲ್ಲಿಯೇ ಎಲ್ಲವೂ ಇದೆ ಎಂದು ನಾನು ತಿಳಿಯುತ್ತೇನೆ.

ಶ್ರೀನಗರದ ಆ ಮನೆಯಲ್ಲಿ ನಾನು ಕಾಲಿ‌ಟ್ಟ ಕೂಡಲೇ ಅಜ್ಜಿ ತನ್ನ ಫೆರನ್ನಿನೊಳಗಿಂದ ಕಾಂಗ್ರಿಯನ್ನು ತೆಗೆದು ನನ್ನ ಕೈಗಿತ್ತಳು. ಅದರ ಬುಟ್ಟಿ ಇನ್ನೂ ಆಕೆಯ ಮೈಯ ಬಿಸಿಯಲ್ಲಿತ್ತು. ಬಂದವರಿಗೆ ಮೊದಲು ಕಾಂಗ್ರಿ ಕೊಡುವುದು ಅಲ್ಲಿಯ ಮರ್ಯಾದೆ. ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು. ಚಳಿಯ ನಾಡಿನಲ್ಲಿ ಜೀವ ಉಳಿಸುವುದು ಬೆಂಕಿ, ಸೆಕೆಯ ನಾಡಿನಲ್ಲಿ ನೀರು. ಯಾವುದು ಬೇಕೆಂಬುದನ್ನು ಹವೆ ತೀರ್ಮಾನಿಸುತ್ತದೆ. ತನಗೂ ಬೇಕಾದದ್ದನ್ನು ಇನ್ನೊಬ್ಬನ ಕೈಗೆ ಕೊಡುವುದನ್ನು ಹವೆ ತೀರ್ಮಾನಿಸಲಾರದು. ಆಕೆ ಕೊಡದೆಯೂ ಇರಬಹುದಾಗಿತ್ತು. ಬೇಸಿಗೆಯ ದಾರಿಗಳಲ್ಲಿ ನೀರು ಮಜ್ಜಿಗೆ ಕೊಡುವ ಚಪ್ಪರಕ್ಕೆ ನಮ್ಮ ಹಿಂದಿನವರು ಅರವಟ್ಟಿಗೆ ಎಂದು ಹೆಸರಿಟ್ಟರು. ಹಳಗನ್ನಡದಲ್ಲಿ ‘ಅಱ’ ಎಂದರೆ ಧರ್ಮ. ಸೆಕೆಯ ನಾಡು ತನ್ನ ಧರ್ಮವನ್ನು ಒಂದು ನೀರಿನ ಚಪ್ಪರದಲ್ಲಿ ಕಂಡುಕೊಂಡಿತು.

ಕೊಡುವುದು ಮನುಷ್ಯನ ಕೆಲಸವಾದರೆ ಕೊಡದೆ ತಡೆಯುವುದೂ ಅವನದೇ. ೧೯೯೦ರಲ್ಲಿ ಕಾಶ್ಮೀರದ ಪಂಡಿತರಲ್ಲಿ ಬಹುಮಂದಿ ಭಯದಿಂದ ಮನೆಮಠ ಬಿಟ್ಟು ಹೊರಡಬೇಕಾಯಿತು. ಜಮ್ಮುವಿನ ಬಯಲಿನಲ್ಲಿ, ಬಟ್ಟೆಯ ಡೇರೆಗಳಲ್ಲಿ, ಹುಟ್ಟಿದಂದಿನಿಂದ ಹಿಮವನ್ನು ಕಂಡ ಮುದುಕರು ಬೇಸಿಗೆಯ ಧಗೆಗೆ ಸಿಕ್ಕಿದರು. ಅವರನ್ನು ಓಡಿಸಿದ್ದು ಹವೆಯಲ್ಲ. ಮಾಡಿದ ಅನ್ಯಾಯವನ್ನು ಹವೆ ಇನ್ನಷ್ಟು ಕ್ರೂರವಾಗಿ ಮಾಡಿತು. ನಮ್ಮ ಕಡೆಗೆ ತಿರುಗಿದರೆ, ನೀರೇ ಪ್ರಾಣವಾದ ನಾಡಿನಲ್ಲಿ ನಾವು ಬಾವಿಕಟ್ಟೆಗೆ ಕೆಲವರನ್ನು ಹತ್ತಗೊಡಲಿಲ್ಲ. ಅರವಟ್ಟಿಗೆಯಲ್ಲಿಯೂ ಅವರಿಗೆ ನೀರು ಮೇಲಿನಿಂದ ಬೊಗಸೆಗೆ ಬೀಳುತ್ತಿತ್ತು, ಚೊಂಬು ಕೈಗೆ ಸಿಗುತ್ತಿರಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಯಿಂದ ಒಂದು ಬೊಗಸೆ ನೀರು ಎತ್ತಿ ಕುಡಿಯುವುದಕ್ಕೆ ಸತ್ಯಾಗ್ರಹವೇ ಬೇಕಾಯಿತು. ಕೊಂಕಣದಲ್ಲಿ ಮಳೆಗೇನು ಬರವಿರಲಿಲ್ಲ. ಬಾಯಾರಿಕೆ ಹವೆಯದು, ತಡೆದ ಕೈ ಯಾರದು ಎಂಬ ಪ್ರಶ್ನೆಗೆ ಉಷ್ಣಮಾಪಕವನ್ನು ತೋರಿಸಿ ಪಾರಾಗುವಂತಿಲ್ಲ.

ಮೊನ್ನೆ ಏಪ್ರಿಲಿನಲ್ಲಿ ಚಿಕ್ಕಪ್ಪನ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಏಳನೆಯ ಅಂತಸ್ತಿನ ಮನೆ. ನಾಲ್ಕು ಕಡೆಯಿಂದಲೂ ಗಾಳಿ. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದ ದಿನಗಳ ಕಥೆಯನ್ನು ಅವಳು ಹೇಳುತ್ತಿದ್ದಳು. ಪಾತ್ರೆ ತೊಳೆಯುವ ಹೆಂಗಸು ಯಾದಗಿರಿಯ ಕಡೆಯವಳು. ಗಂಡ ಎದುರಿನ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಾನಂತೆ. ಆಕೆ ಕೆಲಸ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು, “ಅಕ್ಕಾರ, ಒಂದೀಟು ನೀರು ಕೊಡ್ರಿ” ಎಂದಳು. ನನ್ನ ತಂಗಿ ತಡಮಾಡಲಿಲ್ಲ. ಎದ್ದು ಹೋಗಿ ತಣ್ಣನೆಯ ನೀರನ್ನೇ ತಂದಳು, ಜೊತೆಗೆ ಅಂಗೈಯಲ್ಲಿ ಒಂದು ಅಚ್ಚು ಬೆಲ್ಲ. ಲೋಟವನ್ನು ಮಾತ್ರ ತೆಗೆದದ್ದು ಪಾತ್ರೆಗಳ ಗೂಡಿನಿಂದಲ್ಲ. ಕಿಟಕಿಯ ಮೂಲೆಯಲ್ಲಿ ಬೋರಲು ಹಾಕಿದ್ದ ಒಂದು ಸ್ಟೀಲ್ ಲೋಟ. ನಾನು ನೋಡಿದ್ದು ಅವಳಿಗೆ ತಿಳಿಯಿತು.

“ಅದು ಅವಳದೇ ಲೋಟ ಅಣ್ಣ, ಅವಳಿಗೇ ಅಂತ ಇಟ್ಟಿರೋದು” ಎಂದಳು.

ಆ ಲೋಟವನ್ನೂ ಸೇರಿಸಿ ಮನೆಯ ಪಾತ್ರೆಗಳನ್ನೆಲ್ಲ ದಿನವೂ ಬೆಳಗುವವಳು ಆಕೆಯೇ. ನಿಂತಲ್ಲಿಯೇ ಎತ್ತಿ ಕುಡಿದು, ತೊಳೆದು, ಮತ್ತೆ ಅದೇ ಮೂಲೆಯಲ್ಲಿ ಬೋರಲು ಹಾಕಿ, “ಬರ್ತೀನ್ರಿ ಅಕ್ಕಾರ” ಎಂದು ಕೆಳಗಿಳಿದು ಹೋದಳು.